ತಾನಾಗಿ ತೆರೆದುಕೊಂಡ ಕಿಟಕಿಯನ್ನು ಮುಚ್ಚುವ ಅಧಿಕಾರದ ಕುರಿತು

ಇಲಾಖೆ
(ಇಲಾಖೆಯ ಪೂರ್ಣ ಹೆಸರಿರುವ ಫಲಕವು ಬಣ್ಣ ಬಳಿಯಲು ಹೋಗಿದೆ. ಅದು ಮರಳುವವರೆಗೆ ಸಿಬ್ಬಂದಿಯು ತಾವು ಯಾವ ಇಲಾಖೆಯವರೆಂಬುದನ್ನು ನೆನಪಿನಿಂದಲೇ ನಿರ್ವಹಿಸತಕ್ಕದ್ದು.)

ಸಂಖ್ಯೆ: ಬೆಂಚು/ಕಿಟಕಿ/ಮುಚ್ಚು/ಮುಚ್ಚಬೇಡ/ಪುನಃಪುನಃ
ಅಧೀಕ್ಷಕರ ಕೊಠಡಿ, ಮೊದಲ ಮಹಡಿ, ಜಿನುಗುವ ನಲ್ಲಿಯ ಪಕ್ಕ
ದಿನಾಂಕ: ಮೊಹರು ಒತ್ತಿದ ದಿನ

ಸುತ್ತೋಲೆ

ವಿಷಯ: ಇಲಾಖೆಯ ವೆಬ್‌ಸೈಟಿನಲ್ಲಿರುವ ಲಿಂಕುಗಳನ್ನು ಒತ್ತಿದಾಗ ಅವು ಇದ್ದ ಕಿಟಕಿಯಲ್ಲೇ ತೆರೆದುಕೊಳ್ಳಬೇಕೋ, ಹೊಸ ಕಿಟಕಿಯಲ್ಲಿ ತೆರೆದುಕೊಳ್ಳಬೇಕೋ ಎಂಬ ಬಗ್ಗೆ, ಹಾಗೂ ಇದರ ಪರಿಣಾಮವಾಗಿ ಮರದಡಿಯ ಬೆಂಚೊಂದು ಕಾರಿಡಾರಿಗೆ ಬಂದು ಕೂತಿರುವ ಬಗ್ಗೆ.

ಉಲ್ಲೇಖ:
(ಅ) ‘ತೆರೆದವರೇ ಮುಚ್ಚತಕ್ಕದ್ದು’ ಎಂಬ ಹಳೆಯ ಸುತ್ತೋಲೆ. ಗೋಂದು ಪ್ರಕರಣದ ತರುವಾಯ ಹೊರಡಿಸಿದ್ದು.
(ಆ) ಅಪ್ಪಣೆ ಅಜ್ಜಿಯವರ ದೂರವಾಣಿ ಕರೆಗಳು.
(ಇ) ಕೆಳಗೆ ಸಹಿ ಮಾಡಿದವರಿಗೆ ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಮೌಖಿಕವಾಗಿ ನೀಡಲಾದ ಎಚ್ಚರಿಕೆಗಳು.

ಪೀಠಿಕೆ

1. ವಿಷಯವು ಕಿಟಕಿಯದಾದರೂ ಬೆಂಚಿನಿಂದ ಪ್ರಾರಂಭಿಸುವುದು ಕ್ರಮಬದ್ಧವೆಂದು ಮನಗಾಣಲಾಗಿದೆ. ವಾಚನಾಲಯದ ಹಿಂದೆ ರಸ್ತೆ ತಿರುಗುವಲ್ಲಿ ಒಂದು ಮರವೂ, ಮರದ ಕೆಳಗೆ ಮೂವರು ಕೂರಬಹುದಾದ ಒಂದು ಬೆಂಚೂ ಇದ್ದವು. ಮರ ಈಗಲೂ ಇದೆ. ಬೆಂಚನ್ನು ಬಣ್ಣ ಬಳಿಯುವ ಸಲುವಾಗಿ ತೆಗೆಯಲಾಯಿತು, ಬಳಿಯಲಾಯಿತು, ಒಣಗಿಸಲಾಯಿತು. ಆದರೆ ಒಮ್ಮೆ ತೆಗೆದ ಬೆಂಚನ್ನು ಮನಸ್ಸಿಗೆ ಬಂದಂತೆ ಹೊತ್ತೊಯ್ದು ಇಟ್ಟುಬಿಡಲು ಇದೇನು ಮಾವನ ಮನೆಯಲ್ಲ. ‘ಈ ಬೆಂಚು ನನಗೆ ಬೇಕು’ ಎಂದು ಸಾರ್ವಜನಿಕರಲ್ಲಿ ಒಬ್ಬರಾದರೂ ವೆಬ್‌ಸೈಟಿನ ಮೂಲಕ ಅರ್ಜಿ ಸಲ್ಲಿಸತಕ್ಕದ್ದು. ತಿಂಗಳ ಕೊನೆಯೊಳಗೆ ಅರ್ಜಿ ಬಾರದಿದ್ದಲ್ಲಿ ಸದರಿ ಬೆಂಚು ಯಾರಿಗೂ ಬೇಡವಾದದ್ದೆಂದು ಭಾವಿಸಿ, ಇಲಾಖೆಯ ಕಾರಿಡಾರಿನಲ್ಲಿ ಶಾಶ್ವತವಾಗಿ ಇಡತಕ್ಕದ್ದು. ಇದು ನಿಯಮ.

2. ಸದರಿ ಬೆಂಚು ಇಬ್ಬರಿಗೆ ಬೇಕಾಗಿತ್ತು. ಒಬ್ಬರು ನಿವೃತ್ತ ಹೊಲಿಗೆ ಶಿಕ್ಷಕಿ. ಇಲಾಖೆಯಲ್ಲಿ ಈಗ ಅಪ್ಪಣೆ ಅಜ್ಜಿ ಎಂದೇ ಹೆಸರಾದವರು. ಮತ್ತೊಬ್ಬರು ಅವರ ಗೆಳತಿ. ಅಜ್ಜಿಯ ಮನೆ ಮರದ ಹತ್ತಿರ, ಗೆಳತಿಯ ಮನೆ ಇಳಿಜಾರಿನ ಕೆಳಗೆ. ಇಳಿಜಾರನ್ನು ಅಜ್ಜಿ ಇಳಿಯಬಲ್ಲರು. ಮರಳಿ ಹತ್ತಲು ಉಸಿರು ಸಾಲದು. ಗೆಳತಿಯ ಮೊಣಕಾಲು ಅವರನ್ನು ಮರದವರೆಗೆ ಕರೆತರುತ್ತದೆ, ಅಲ್ಲಿ ಕೂತು ಸುಧಾರಿಸಿಕೊಂಡರೆ ಮಾತ್ರ ಮನೆಗೆ ವಾಪಸು ಒಯ್ಯುತ್ತದೆ. ಹೀಗಾಗಿ ಈ ಇಬ್ಬರೂ ಭೇಟಿಯಾಗಲು ಭೂಮಿಯ ಮೇಲೆ ಇದ್ದದ್ದು ಆ ಬೆಂಚೊಂದೇ. ಪ್ರತಿ ಸಂಜೆ ಅಲ್ಲಿ ಕೂತು, ಹೋಗಿಬರುವವರ ನಡಿಗೆ, ಉಡುಗೆ ಹಾಗೂ ಸಂಸಾರಗಳ ಬಗ್ಗೆ ಅವರು ವಿಚಾರಣೆ ನಡೆಸುತ್ತಿದ್ದರೆಂದು ತಿಳಿದುಬಂದಿದೆ. ಯಾವ ಇಲಾಖೆಯ ವಿಚಾರಣೆಯೂ ಇಷ್ಟು ಬೇಗ ತೀರ್ಮಾನಕ್ಕೆ ಬರುವುದಿಲ್ಲ.

3. ಹಿತಾಸಕ್ತಿ ಘೋಷಣೆ: ಸದರಿ ಗೆಳತಿಯು ಕೆಳಗೆ ಸಹಿ ಮಾಡಿದವರ ತಾಯಿ. ಬೆಂಚನ್ನು ತೆಗೆಯುವ ಆದೇಶಕ್ಕೆ ಸಹಿ ಮಾಡಿದವರು ಕೆಳಗೆ ಸಹಿ ಮಾಡಿದವರೇ. ಈ ಎರಡು ಸಂಗತಿಗಳನ್ನು ಬೇರೆ ಬೇರೆ ಕಡತಗಳಲ್ಲಿ ಇರಿಸಲು ಸಾಕಷ್ಟು ಪ್ರಯತ್ನಿಸಲಾಯಿತು. ಎರಡೂ ಕಡತಗಳು ಒಂದೇ ಮನೆಯಲ್ಲಿ ಉಣ್ಣುವುದರಿಂದ ಪ್ರಯತ್ನ ಫಲಿಸಲಿಲ್ಲ. ಸಿಬ್ಬಂದಿಯ ಬಂಧುಗಳು ಅರ್ಜಿ ಹಾಕುವಂತಿಲ್ಲ ಎಂಬ ನಿಯಮವೂ ಇರುವುದರಿಂದ (ಕರಡು ತಯಾರಿಸಿದವರು ಯಾರೆಂದು ಇಲ್ಲಿ ನಮೂದಿಸುವ ಅಗತ್ಯವಿಲ್ಲ), ಅರ್ಜಿಯ ಸಂಪೂರ್ಣ ಭಾರ ಅಜ್ಜಿಯ ಮೇಲೆ ಬಿತ್ತು. ಈ ಅವಧಿಯಲ್ಲಿ ತಾಯಿಯವರು ನೀಡಿದ ಎಚ್ಚರಿಕೆಗಳಲ್ಲಿ ಚಿಕ್ಕದನ್ನು ಮಾತ್ರ ಉದ್ಧರಿಸಲಾಗಿದೆ: “ನಿನ್ನ ಬೆಂಚು ನೀನೇ ಇಟ್ಕೊಳ್ಳೋ. ನನ್ನ ಗೆಳತೀನ ನಂಗೆ ಕೊಡು.”

ಕಿಟಕಿಗಳ ವೃತ್ತಾಂತ

4. ಅಜ್ಜಿಯ ಮೊಮ್ಮಗಳು ದಾದಿ. ಆಸ್ಪತ್ರೆಯ ಪಾಳಿಗೆ ಹೊರಡುವ ಅವಸರದಲ್ಲಿ ಆಕೆ ತನ್ನ ಕಂಪ್ಯೂಟರಿನಲ್ಲಿ ಇಲಾಖೆಯ ಅರ್ಜಿಯ ಪುಟವನ್ನು ತೆರೆದುಕೊಟ್ಟು, “ತುಂಬಿಸಿ ‘ಸಲ್ಲಿಸಿ’ ಅಂತ ಒತ್ತಿಬಿಡು ಅಜ್ಜಿ, ಅಷ್ಟೇ” ಎಂದು ಹೇಳಿ ಹೋದಳು. ಈ ಸಂಗತಿಯನ್ನು ಓದುಗರು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ಕಲಂ 16ರಲ್ಲಿ ಬೇಕಾಗುವುದು.

5. ಅಷ್ಟೇ ಆಗಿರಲಿಲ್ಲ. ಅರ್ಜಿಯಲ್ಲಿ ‘ಬೆಂಚು ಎಂದರೇನೆಂದು ತಿಳಿಯಲು ಇಲ್ಲಿ ಒತ್ತಿ’ ಎಂದಿತ್ತು. ಅಜ್ಜಿಗೆ ಬೆಂಚು ಎಂದರೇನೆಂದು ತಿಳಿದೇ ಇತ್ತು. ಆದರೂ ಒತ್ತಿ ಎಂದವರ ಮಾತು ಮೀರಬಾರದೆಂದು ಒತ್ತಿದರು. ಹೊಸ ಕಿಟಕಿಯೊಂದು ತೆರೆದುಕೊಂಡಿತು. ಅದರಲ್ಲಿ ‘ಕೂರುವುದು ಎಂಬುದರ ವ್ಯಾಖ್ಯೆಗೆ ಇಲ್ಲಿ ಒತ್ತಿ’ ಎಂದಿತ್ತು. ಮತ್ತೊಂದು. ‘ನಿಂತುಕೊಳ್ಳುವುದರೊಂದಿಗೆ ಹೋಲಿಸಿ ನೋಡಲು ಇಲ್ಲಿ ಒತ್ತಿ’. ಮಗದೊಂದು. ‘ಒತ್ತುವ ಸರಿಯಾದ ವಿಧಾನ ತಿಳಿಯಲು ಇಲ್ಲಿ ಒತ್ತಿ’ ಎಂಬಲ್ಲಿ ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರೆಂದೂ, ತಾವು ಈವರೆಗೆ ತಪ್ಪಾಗಿ ಒತ್ತಿರಬಹುದೆಂಬ ಭಯದಿಂದ ಹಿಂದಿನ ಎಲ್ಲವನ್ನೂ ಮತ್ತೊಮ್ಮೆ ಒತ್ತಿದರೆಂದೂ ತಿಳಿದುಬಂದಿದೆ. ಕೊನೆಗೆ ‘ಮೊದಲ ಪುಟಕ್ಕೆ ಮರಳಲು ಇಲ್ಲಿ ಒತ್ತಿ’ ಎಂಬುದು ಸಿಕ್ಕಿತು. ಅಜ್ಜಿ ದೇವರನ್ನು ನೆನೆದು ಒತ್ತಿದರು. ಮೊದಲ ಪುಟವು ಹೊಸ ಕಿಟಕಿಯಲ್ಲಿ ತೆರೆದುಕೊಂಡಿತು.

6. ಬೇಡದ ಕಿಟಕಿಗಳನ್ನು ಮುಚ್ಚಬಹುದಿತ್ತಲ್ಲ ಎಂದು ಕೇಳುವವರ ಅವಗಾಹನೆಗಾಗಿ, ಅಜ್ಜಿ ಅಂದು ಇಲಾಖೆಯ ವಿಚಾರಣಾ ದೂರವಾಣಿಗೆ ಕರೆ ಮಾಡಿ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ನೀಡಲಾಗಿದೆ: “ನೋಡಮ್ಮಾ, ನಾನು ಒತ್ತಿದ್ದು ನಿಜ. ಆದ್ರೆ ತೆರೆದದ್ದು ನಾನಲ್ಲ, ಅದೇ ತೆರ್ಕೊಂಡ್ತು. ಇನ್ನೊಬ್ರ ಮನೆಗೆ ಹೋದಾಗ ಬಾಗಿಲು ತಾನಾಗೇ ತೆರ್ಕೊಂಡ್ರೆ ಅದನ್ನ ಧಡಾರ್ ಅಂತ ಮುಚ್ಚಿ ಬರೋಕಾಗತ್ತಾ? ಆ ಮನೆಯವರು ಏನಂದ್ಕೋತಾರೆ? ನೀವು ಅಪ್ಪಣೆ ಕೊಡಿ, ಒಂದೊಂದಾಗಿ ಮುಚ್ತೀನಿ.” ಹೆಸರು ಬಂದದ್ದು ಇಲ್ಲಿಂದ.

7. ಕರೆ ಸ್ವೀಕರಿಸಿದವರು ನಮ್ಮ ದೂರವಾಣಿ ಅಕ್ಕ. “ಮುಚ್ಚಿ ಅಜ್ಜಿ” ಎಂದು ಹೇಳಲು ಅವರು ಬಾಯಿ ತೆರೆದದ್ದೂ, ತಕ್ಷಣ ಉಲ್ಲೇಖ (ಅ) ನೆನಪಾಗಿ ಬಾಯಿಯನ್ನು ತೆರೆದವರೇ ಮುಚ್ಚಿಕೊಂಡದ್ದೂ ಶ್ಲಾಘನೀಯ. ಹೊಸಬರಿಗಾಗಿ ಉಲ್ಲೇಖ (ಅ)ದ ಹಿನ್ನೆಲೆ: ಒಮ್ಮೆ ಗೋಂದಿನ ಬಾಟಲಿಯನ್ನು ಯಾರೋ ತೆರೆದಿಟ್ಟು, ಕೆಳಗೆ ಸಹಿ ಮಾಡಿದವರ ತೋಳು ಮೇಜಿಗೆ ಅಂಟಿ, ಮೇಲಧಿಕಾರಿಗಳು ಬಂದಾಗ ಎದ್ದು ನಿಲ್ಲಲಾಗದೆ ಮೇಜಿನ ಸಮೇತ ಎದ್ದು ನಿಲ್ಲಬೇಕಾಯಿತು. ತರುವಾಯ, ಕಚೇರಿಯಲ್ಲಿ ತೆರೆಯಲ್ಪಡುವ ಯಾವುದೇ ವಸ್ತುವನ್ನು ತೆರೆದವರೇ ಮುಚ್ಚತಕ್ಕದ್ದು, ಬೇರೆ ಯಾರೂ ಮುಚ್ಚತಕ್ಕದ್ದಲ್ಲ ಎಂದು ಆದೇಶಿಸಲಾಯಿತು. ಕಡತ, ಕಪಾಟು, ಕೊಡೆ, ಬುತ್ತಿ ಎಲ್ಲಕ್ಕೂ ಇದು ಅನ್ವಯ. ಟಪಾಲು ವಿಭಾಗದ ಹಿರಿಯರು, ನಮ್ಮೆಲ್ಲರ ಟಪಾಲು ಮಾವ, ಡ್ರಾಯರು ತೆರೆದಿಟ್ಟು ನೆಂಟರ ಮದುವೆಗೆ ಹೋದಾಗಲೆಲ್ಲ ಅವರು ಮರಳುವವರೆಗೂ ಸಿಬ್ಬಂದಿ ಆ ಡ್ರಾಯರನ್ನು ಸುತ್ತಿಕೊಂಡೇ ಓಡಾಡುವುದು ವಾಡಿಕೆ.

8. ಹೀಗಾಗಿ ಪ್ರಶ್ನೆ ಉದ್ಭವಿಸಿತು: ಅಜ್ಜಿಯ ಕಿಟಕಿಗಳನ್ನು ತೆರೆದವರು ಯಾರು? ವೆಬ್‌ಸೈಟು ನೋಡಿಕೊಳ್ಳುವ ತಂತ್ರಜ್ಞರನ್ನು ಕರೆಸಲಾಯಿತು. ಅವರ ವಿವರಣೆ: “ಸಾರ್, ತೆರ್ಕೊಳ್ಳೋ ಹಾಗೆ ಮಾಡಿಟ್ಟಿದ್ದು ನಾನು. ತೆರೆದದ್ದು ನಾನಲ್ಲ. ಆ ಹೊತ್ತಲ್ಲಿ ನಾನು ಚಹಾ ಕುಡೀತಿದ್ದೆ.” ಅಜ್ಜಿ ಒತ್ತಿದರು, ತೆರೆಯಲಿಲ್ಲ. ತಂತ್ರಜ್ಞರು ಚಹಾ ಕುಡಿದರು, ತೆರೆಯಲಿಲ್ಲ. ಆದರೂ ತೆರೆದಿದೆ. ಇಂಥ ಹೆತ್ತವರಿಲ್ಲದ ಕಿಟಕಿಗಳ ಪಾಲನೆ ಪೋಷಣೆಗೆ ನಿಯಮಾವಳಿಯಲ್ಲಿ ಅವಕಾಶವೇ ಇರಲಿಲ್ಲ.

9. ಈ ಕಲಮಿನ ಆವರಣ ಚಿಹ್ನೆಯನ್ನು ಟಪಾಲು ಮಾವ ತೆರೆದಿದ್ದು (ಮುಂದಿನ ವಾಕ್ಯ ಹೊಳೆಯದ ಕಾರಣ ಚಹಾಕ್ಕೆ ಹೋಗಿರುತ್ತಾರೆ

10. ಕಚೇರಿ ಎರಡು ಪಕ್ಷವಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ದೂರವಾಣಿ ಅಕ್ಕನ ಮುಂದಾಳತ್ವದ ಅದೇ-ಕಿಟಕಿ ಪಕ್ಷದ ವಾದ ಇಷ್ಟು: ಇದ್ದ ಕಿಟಕಿಯಲ್ಲೇ ಪುಟ ತೆರೆದರೆ, ಬೇಡವೆನಿಸಿದಾಗ ‘ಹಿಂದೆ’ ಎಂಬ ಗುಂಡಿ ಒತ್ತಿ ಬಂದ ದಾರಿಯಲ್ಲೇ ಮರಳಬಹುದು, ಹೊಸ ಕಿಟಕಿಯಲ್ಲಿ ಆ ಗುಂಡಿ ಇದ್ದೂ ಸತ್ತಂತೆ. “ಹೋದವರಿಗೆ ವಾಪಸ್ ಬರೋ ದಾರಿ ಇರಬೇಕು ಕಣ್ರೀ, ಅಷ್ಟೇ ನನ್ನ ತಕರಾರು” ಎಂದು ಅಕ್ಕ, ಕರೆ ಕೇಳಿ ಕೇಳಿ ನೋಯುವ ಕಿವಿಗೆ ಎಣ್ಣೆ ಬಿಟ್ಟುಕೊಳ್ಳುತ್ತ, ದಾಖಲಿಸಿದ್ದಾರೆ. ಟಪಾಲು ಮಾವನ ಹೊಸ-ಕಿಟಕಿ ಪಕ್ಷದ ವಾದ ಬೇರೆ: “ಜನ ಎಲ್ಲಿಗೆ ಬೇಕಾದ್ರೂ ಹೋಗ್ಲಿ, ನಮ್ಮ ಪುಟ ಮಾತ್ರ ಹಿಂದೆ ತೆರೆದೇ ಇರ್ಬೇಕು. ಇಲ್ದಿದ್ರೆ ನಮ್ಮನ್ನ ಮರ್ತೇಬಿಡ್ತಾರೆ.” ಮರೆತುಬಿಡಲು ಯೋಗ್ಯವಾದ ಪುಟವನ್ನು ಹೀಗೆ ಬಲವಂತವಾಗಿ ನೆನಪಿಸುವುದು ಸರಿಯೇ ಎಂಬುದರ ಮೇಲೆ ಚಹಾದ ಕೋಣೆಯಲ್ಲಿ ಎರಡು ಪ್ರತ್ಯೇಕ ಕೆಟಲುಗಳು ಜಾರಿಗೆ ಬಂದವು.

11. ತೀರ್ಮಾನವಾಗುವವರೆಗೆ ಈ ಕೆಳಗಿನ ಮಧ್ಯಂತರ ನಿಯಮಗಳನ್ನು ಹೊರಡಿಸಲಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದೇ ಇವುಗಳ ಉದ್ದೇಶವಾಗಿತ್ತೆಂದು ಈಗಲೂ ಸಮರ್ಥಿಸಿಕೊಳ್ಳಲಾಗುತ್ತಿದೆ.

ಕ) ಹೊಸದಾಗಿ ತೆರೆದುಕೊಳ್ಳುವ ಪ್ರತಿ ಕಿಟಕಿಯು ತನ್ನ ಹಿಂದಿನ ಕಿಟಕಿಗೆ ತಾನು ಯಾರು, ಯಾಕೆ ಬಂದೆ, ಎಷ್ಟು ಹೊತ್ತು ಇರುವೆ ಎಂಬುದನ್ನು ತಿಳಿಸತಕ್ಕದ್ದು.

ಖ) ಒಂದೇ ಪುಟವು ಎರಡು ಕಿಟಕಿಗಳಲ್ಲಿ ತೆರೆದಿದ್ದಲ್ಲಿ, ಓದುಗರು ಎರಡನ್ನೂ ಸರಿಸಮಾನವಾಗಿ ನೋಡತಕ್ಕದ್ದು. ಒಂದನ್ನೇ ನೋಡಿ ಇನ್ನೊಂದರ ಮನಸ್ಸು ನೋಯಿಸತಕ್ಕದ್ದಲ್ಲ.

ಗ) ಲಿಂಕನ್ನು ಒತ್ತುವ ಮುನ್ನ ಸಾರ್ವಜನಿಕರು ತಮ್ಮ ಕುರ್ಚಿಯ ಕಾಲಿಗೆ ದಾರವೊಂದನ್ನು ಕಟ್ಟಿ, ಅದರ ಮತ್ತೊಂದು ತುದಿಯನ್ನು ಹಿಡಿದುಕೊಳ್ಳತಕ್ಕದ್ದು, ದಾರಿ ತಪ್ಪಿದಲ್ಲಿ ಅದನ್ನು ಹಿಡಿದು ಮರಳುವುದು. (ಅಜ್ಜಿ ಹೊಲಿಗೆಯವರಾದ್ದರಿಂದ ಈ ನಿಯಮವನ್ನು ತಕ್ಷಣ ಪಾಲಿಸಿ, ಒಳ್ಳೆಯ ನೂಲು ಎಲ್ಲಿ ಸಿಗುತ್ತದೆ ಎಂಬ ಬಗ್ಗೆ ಇಲಾಖೆಗೆ ಸಲಹೆಯನ್ನೂ ನೀಡಿದರು.)

ಘ) ‘ಹಿಂದೆ’ ಗುಂಡಿಯು ಕೆಲಸವಿಲ್ಲದೆ ಕೂತಿರುವ ಕಿಟಕಿಗಳಲ್ಲಿ ಅದನ್ನು ದಿನಕ್ಕೊಮ್ಮೆ ಸುಮ್ಮನೆ ಒತ್ತಿ, ಅದರ ಸ್ಥೈರ್ಯ ಕಾಪಾಡತಕ್ಕದ್ದು.

ಙ) ಕಿಟಕಿ ತಾನಾಗಿ ತೆರೆದುಕೊಂಡಾಗ “ಅಯ್ಯೋ” ಎನ್ನುವುದನ್ನು ನಿಷೇಧಿಸಲಾಗಿದೆ. ಅನಿವಾರ್ಯವಾದಲ್ಲಿ “ಅಯ್” ಎಂಬಲ್ಲಿಗೆ ನಿಲ್ಲಿಸಿ, ಉಳಿದದ್ದಕ್ಕೆ ಅನುಮತಿ ಪಡೆಯತಕ್ಕದ್ದು.

12. ಹೊಸ-ಕಿಟಕಿ ಪದ್ಧತಿ ಇಲಾಖೆಗೆ ಹೊಸದೇನಲ್ಲ ಎಂಬ ಅಂಶವೂ ವಿಚಾರಣೆಯ ವೇಳೆ ಬೆಳಕಿಗೆ ಬಂತು. ಸಿಬ್ಬಂದಿ ಹೊರಗೆ ಹೋಗುವಾಗ ಕುರ್ಚಿಯ ಬೆನ್ನಿಗೆ ಕೋಟು ನೇತುಹಾಕಿ ಹೋಗುವುದು ಬಹುಕಾಲದ ಪರಿಪಾಠ. ಬಂದವರು ಕೇಳಿದರೆ “ಇಲ್ಲೇ ಎಲ್ಲೋ ಇದ್ದಾರೆ, ಕೋಟಿದೆಯಲ್ಲ” ಎಂದು ಉತ್ತರಿಸಲಾಗುತ್ತದೆ. ಅಂದರೆ ನೌಕರನು ಬೇರೆಲ್ಲೋ ತೆರೆದುಕೊಂಡಿದ್ದರೂ ಮೂಲ ಪುಟ ಹಿಂದೆ ತೆರೆದೇ ಇದೆ. ಕೆಳಗೆ ಸಹಿ ಮಾಡಿದವರ ಕೋಟು ಸೇವೆಗೆ ಸೇರಿದಾಗಿನಿಂದ ಒಮ್ಮೆಯೂ ಮನೆಗೆ ಹೋಗಿಲ್ಲ. ಅದರ ಹಾಜರಾತಿಗೆ ಪ್ರಶಂಸಾಪತ್ರವೂ ದೊರೆತಿದೆ. ಈ ಬಗ್ಗೆ ತಾಯಿಯವರ ಆಕ್ಷೇಪಣೆ, ಉಲ್ಲೇಖ (ಇ)ರಿಂದ: “ಇವನು ಮನೆಗೆ ಬರ್ತಾನೆ, ಇವನ ಕೋಟು ಬರಲ್ಲ. ಊಟಕ್ಕೆ ಕೂತ್ರೂ ಅರ್ಧ ಆಸಾಮಿ ಆಫೀಸಲ್ಲೇ ಇರ್ತಾನೆ. ಇನ್ನೊಂದಿಷ್ಟು ಬಡಿಸ್ಲೇನೋ ಅಂದ್ರೆ ‘ಪರಿಶೀಲಿಸಲಾಗುವುದು’ ಅಂತಾನೆ.” ಆಕ್ಷೇಪಣೆಯನ್ನು ಪರಿಶೀಲಿಸಲಾಗುತ್ತಿದೆ.

ಸಾಮೂಹಿಕ ಮುಚ್ಚುವಿಕೆ ಹಾಗೂ ಅನಾಹುತ

13. ಅರ್ಜಿಗೆ ಕೊನೆಯ ದಿನ ಬಂತು. ಅಜ್ಜಿ ಅರ್ಜಿಯನ್ನು ಅಷ್ಟು ಹೊತ್ತಿಗೆ ಪೂರ್ತಿ ತುಂಬಿಸಿಟ್ಟಿದ್ದರು. ‘ಬೆಂಚು ಏಕೆ ಬೇಕು’ ಎಂಬಲ್ಲಿ ‘ಅವಳು ಬರುತ್ತಾಳೆ’ ಎಂದು ಬರೆದಿದ್ದರು. ‘ಸಲ್ಲಿಸಿ’ ಎಂದು ಒತ್ತುವುದೊಂದೇ ಬಾಕಿ. ಆದರೆ “ಮನೆ ತುಂಬಾ ಕಿಟಕಿ ತೆರ್ಕೊಂಡು ಬಿದ್ದಿರುವಾಗ ಅರ್ಜಿ ಕಳಿಸೋದು ಚೆನ್ನಾಗಿರತ್ತಾ? ಮೊದ್ಲು ಅವನ್ನೆಲ್ಲ ಮುಚ್ಚಿ ಒಪ್ಪ ಮಾಡ್ತೀನಿ, ಆಮೇಲೆ ಕಳಿಸ್ತೀನಿ” ಎಂದು ಅಪ್ಪಣೆಗಾಗಿ ಕಾದರು. ಅವರ ಸಭ್ಯತೆಯನ್ನು ಇಲಾಖೆಯು ಮೆಚ್ಚಿತು. ಮೆಚ್ಚಬಾರದಿತ್ತು.

14. ತುರ್ತು ಸಮಿತಿ ಸೇರಿ, ಹೆತ್ತವರಿಲ್ಲದ ಕಿಟಕಿಗಳನ್ನೆಲ್ಲ ಇಲಾಖೆಯೇ ತೆರೆದದ್ದೆಂದು ದತ್ತು ಸ್ವೀಕರಿಸಿ, ಮುಚ್ಚುವ ಅಧಿಕಾರವನ್ನು ಅಜ್ಜಿಗೆ ವಹಿಸಿತು. ಯಾವ ಕ್ರಮದಲ್ಲಿ ಎಂದು ಅಜ್ಜಿ ಕೇಳಿದರು. ಈ ಇಲಾಖೆಯಲ್ಲಿ ಬಡ್ತಿ, ನಿವೃತ್ತಿ, ಊಟದ ಕೈತೊಳೆಯುವ ಸರದಿ, ಎಲ್ಲವೂ ಜ್ಯೇಷ್ಠತೆಯ ಮೇಲೆಯೇ ನಡೆಯುವುದು. ಆದ್ದರಿಂದ ‘ಜ್ಯೇಷ್ಠತೆಯ ಪ್ರಕಾರ’ ಎಂದು ಕೆಳಗೆ ಸಹಿ ಮಾಡಿದವರಿಂದ ದೂರವಾಣಿಯಲ್ಲಿ ಗಟ್ಟಿಯಾಗಿ ಆದೇಶಿಸಲಾಯಿತು. “ಹೌದಪ್ಪಾ, ದೊಡ್ಡೋರನ್ನ ನಿಲ್ಲಿಸಿ ಚಿಕ್ಕೋರನ್ನ ಮೊದ್ಲು ಕಳಿಸೋಕಾಗತ್ತಾ” ಎಂದು ಅಜ್ಜಿಯೂ ಒಪ್ಪಿದರು. ಸಮಿತಿಯ ಸದಸ್ಯರೆಲ್ಲ ತಲೆದೂಗಿದರು. ತಂತ್ರಜ್ಞರು ಮಾತ್ರ ಕೈ ಎತ್ತಿಕೊಂಡೇ ಇದ್ದರು. ಅವರು ಎಲ್ಲರಿಗಿಂತ ಕಿರಿಯರಾದ್ದರಿಂದ ಮಾತನಾಡುವ ಸರದಿ ಅವರವರೆಗೆ ಬಂದಿರಲಿಲ್ಲ. ಎಲ್ಲಕ್ಕಿಂತ ಹಿರಿಯ ಕಿಟಕಿಯನ್ನು ಅಜ್ಜಿ ಗೌರವಪೂರ್ವಕವಾಗಿ ಮೊದಲು ಮುಚ್ಚಿದರು. ಅದು ಅರ್ಜಿಯಾಗಿತ್ತು.

15. ತುಂಬಿಸಿದ್ದೆಲ್ಲ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮತ್ತೆ ತುಂಬಿಸುವಷ್ಟರಲ್ಲಿ ಕಚೇರಿಯ ಸಮಯ ಮುಗಿದು, ವೆಬ್‌ಸೈಟು ‘ನಾಳೆ ಬನ್ನಿ’ ಎಂಬ ಫಲಕ ತೋರಿಸಿತು. ನಾಳೆ ಬಂದರೆ ಅರ್ಜಿಯ ಅವಧಿ ಮುಗಿದಿರುತ್ತದೆ. ದೂರವಾಣಿಯ ಆ ಕಡೆಯಿಂದ ಅಜ್ಜಿ ಬೈಯಲಿಲ್ಲ. “ಆಯ್ತಪ್ಪ, ನಿಮಗೆಲ್ಲ ತೊಂದ್ರೆ ಕೊಟ್ಟೆ” ಎಂದಷ್ಟೇ ಹೇಳಿ ಇಟ್ಟರು. ಮರುದಿನ ನಿಯಮದ ಪ್ರಕಾರ ಬೆಂಚು ಕಾರಿಡಾರಿಗೆ, ಕೆಳಗೆ ಸಹಿ ಮಾಡಿದವರ ಕೊಠಡಿಯ ಎದುರಿಗೇ ಬಂತು. ಹೊಸ ಬಣ್ಣ, ಹಸಿರು, ಬಹಳ ಚೆನ್ನಾಗಿದೆ. ಅದರ ಮೇಲೆ ಯಾರೂ ಕೂರಲಿಲ್ಲ. ಎರಡೂ ಪಕ್ಷದವರು ಅದರ ಪಕ್ಕ ನಿಂತೇ ಚಹಾ ಕುಡಿದರು. ಆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ದೂರವಾಣಿ ಅಕ್ಕ ಕಂಡದ್ದನ್ನು ವರದಿ ಮಾಡಿದ್ದಾರೆ: ತಾಯಿಯವರು ಹೇಗೋ ಮರದವರೆಗೆ ಬಂದು, ಕೂರಲು ಏನೂ ಇಲ್ಲದೆ ಮರಕ್ಕೆ ಒರಗಿ ನಿಂತಿದ್ದರು. ಅಜ್ಜಿ ಎದುರಿಗೆ ನಿಂತಿದ್ದರು. ಒಂದು ಸುದ್ದಿ ಅರ್ಧವಾಗುವಷ್ಟರಲ್ಲಿ ಮೊಣಕಾಲು ನಡುಗಿ, ಪಕ್ಕದ ಅಂಗಡಿಯವರು ತಾಯಿಯವರ ಕೈಹಿಡಿದು ಮನೆಗೆ ಬಿಟ್ಟುಬರಬೇಕಾಯಿತು. ಇದನ್ನು ಕೇಳಿ ಕೆಳಗೆ ಸಹಿ ಮಾಡಿದವರಿಗೆ ಸಂಕಟವಾಯಿತು. (‘ಸಂಕಟ’ ಎಂಬ ಪದವನ್ನು ಕರಡಿನಿಂದ ತೆಗೆದುಹಾಕಲು ಸೂಚಿಸಲಾಗಿತ್ತು. ತೆಗೆದುಹಾಕಿಲ್ಲ.)

ತೀರ್ಮಾನ

16. ದಾರಿ ತೋರಿಸಿದ್ದು ಟಪಾಲು ಮಾವನ ಡ್ರಾಯರು. ಸಂಕಟದ ಭರದಲ್ಲಿ ಕೆಳಗೆ ಸಹಿ ಮಾಡಿದವರು ಕಚೇರಿಯಲ್ಲಿ ಅತ್ತಿಂದಿತ್ತ ನಡೆದಾಡುತ್ತಿದ್ದಾಗ ಸದರಿ ಡ್ರಾಯರು ಮಂಡಿಗೆ ಬಡಿಯಿತು. ಸಿಟ್ಟಿನಿಂದ ಅದನ್ನು ಮುಚ್ಚಲಾಯಿತು. ಚಹಾ ಮುಗಿಸಿ ಬಂದ ಟಪಾಲು ಮಾವ ಕಚೇರಿ ನಡುಗುವಂತೆ ಕೂಗಿದರು: “ನನ್ನ ಡ್ರಾಯರ್ ಯಾರ್ರೀ ಮುಚ್ಚಿದ್ದು? ತೆರೆದೋನು ನಾನು! ನಾನು ಮುಚ್ಚೋವರೆಗೂ ಅದು ಮುಚ್ಚಿದ ಲೆಕ್ಕಕ್ಕೇ ಇಲ್ಲ!” ಹೀಗೆಂದು ಡ್ರಾಯರನ್ನು ಮತ್ತೆ ತೆರೆದು, ತಮ್ಮ ಕೈಯಾರೆ ಮುಚ್ಚಿದರು. ಕೆಳಗೆ ಸಹಿ ಮಾಡಿದವರು ಮಂಡಿ ಹಿಡಿದುಕೊಂಡು ಕಾರಿಡಾರಿನ ಬೆಂಚಿನ ಮೇಲೆ ಕುಸಿದು ಕೂತರು. ಅಲ್ಲಿಯೇ ಕಾನೂನು ಹೊಳೆಯಿತು. ಅರ್ಜಿಯ ಕಿಟಕಿಯನ್ನು ತೆರೆದವರು ಅಜ್ಜಿಯಲ್ಲ, ಇಲಾಖೆಯೂ ಅಲ್ಲ. ದಾದಿ ಮೊಮ್ಮಗಳು. (ಕಲಂ 4 ನೋಡುವುದು. ನೋಡಲು ಹೊಸ ಕಿಟಕಿ ತೆರೆಯತಕ್ಕದ್ದಲ್ಲ.) ಆಕೆ ತೆರೆದ ಕಿಟಕಿಯನ್ನು ಮುಚ್ಚುವ ಅಧಿಕಾರ ಅಜ್ಜಿಗೆ ಇರಲಿಲ್ಲ. ಆದ್ದರಿಂದ ಅದು ಮುಚ್ಚಿಲ್ಲ. ಮುಚ್ಚಿಲ್ಲವಾದ್ದರಿಂದ ಅರ್ಜಿ ಇಲಾಖೆಯ ಮುಂದೆ ತೆರೆದೇ ಇದೆ. ತೆರೆದಿರುವ ಅರ್ಜಿಯ ಅವಧಿ ಮುಗಿಯಲು ಸಾಧ್ಯವಿಲ್ಲ. ಮೊಮ್ಮಗಳನ್ನು ದೂರವಾಣಿಯಲ್ಲಿ ವಿಚಾರಿಸಲಾಗಿ, ಆಕೆ ಆಸ್ಪತ್ರೆಯಿಂದಲೇ ನೀಡಿದ ಹೇಳಿಕೆ: “ಹೌದು ಸಾರ್, ತೆರೆದದ್ದು ನಾನೇ. ಮುಚ್ಚಿಲ್ಲ. ಬೆಂಚು ಬರೋವರೆಗೂ ಮುಚ್ಚೋದೂ ಇಲ್ಲ.”

17. ) ಎಂದು ಟಪಾಲು ಮಾವ ಕಲಂ 9ರ ಆವರಣವನ್ನು ಈಗ ಮುಚ್ಚಿರುತ್ತಾರೆ. ಮುಂದಿನ ವಾಕ್ಯ ಇನ್ನೂ ಹೊಳೆದಿಲ್ಲ.

18. ಇದೇ ಸಂದರ್ಭದಲ್ಲಿ ಹೊಸ-ಕಿಟಕಿ ಪಕ್ಷದವರು ಸೋಲೊಪ್ಪಲಾರದೆ ಮತ್ತೊಂದು ಪ್ರಸ್ತಾವ ಮಂಡಿಸಿದರು. ಹಸಿರು ಬೆಂಚು ಕಾರಿಡಾರಿನಲ್ಲೇ ಇರಲಿ. ಮರದಿಂದ ಸ್ವಲ್ಪ ಮುಂದೆ, ಚೌಕದ ಆಚೆ, ಹೊಚ್ಚಹೊಸ ಬೆಂಚೊಂದನ್ನು ಹಾಕಿಸೋಣ. ಅಲ್ಲಿಂದ ನೋಟ ಇನ್ನೂ ಚೆನ್ನಾಗಿದೆ. ನೋಟ ಚೆನ್ನಾಗಿರುವುದು ನಿಜ. ಮೊಣಕಾಲು ಅಲ್ಲಿಯವರೆಗೆ ಬರುವುದಿಲ್ಲ. ಹೊಸ ಜಾಗ ಎಷ್ಟೇ ಚೆಂದವಿದ್ದರೂ ಹೋದವರು ಮರಳಿ ಮನೆ ಸೇರಬೇಕೆಂಬ ದೂರವಾಣಿ ಅಕ್ಕನ ತಕರಾರು ಇಲ್ಲಿಗೂ ಅನ್ವಯಿಸುತ್ತದೆ. ಪ್ರಸ್ತಾವವನ್ನು ತಿರಸ್ಕರಿಸಲಾಗಿದೆ.

ಆದೇಶ

19. ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ, ಮಂಡಿನೋವಿನ ಹಿನ್ನೆಲೆಯಲ್ಲಿಯೂ, ಪರಿಶೀಲಿಸಿ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

ಕ) ಇಂದಿನಿಂದ ಇಲಾಖೆಯ ವೆಬ್‌ಸೈಟಿನ ಪ್ರತಿ ಲಿಂಕೂ ಇದ್ದ ಕಿಟಕಿಯಲ್ಲೇ ತೆರೆದುಕೊಳ್ಳತಕ್ಕದ್ದು. ಹೊಸ ಕಿಟಕಿ ಬೇಕೆನಿಸಿದವರು ತಾವೇ ತೆರೆದುಕೊಳ್ಳಲಿ; ತೆರೆದವರೇ ಮುಚ್ಚಲಿ.

ಖ) ‘ಬೆಂಚು ಎಂದರೇನು’ ಎಂಬ ಪುಟವನ್ನು ತೆಗೆದುಹಾಕತಕ್ಕದ್ದು. ಬೆಂಚು ಎಂದರೇನೆಂದು ಎಲ್ಲರಿಗೂ ತಿಳಿದಿದೆ. ಇಲಾಖೆಗೆ ಮಾತ್ರ ತಿಳಿದಿರಲಿಲ್ಲ.

ಗ) ‘ಒತ್ತುವ ವಿಧಾನ’ ಪುಟವನ್ನು ಇಲಾಖೆಯ ಒಳಬಳಕೆಗಾಗಿ ಉಳಿಸಿಕೊಳ್ಳಲಾಗಿದೆ.

ಘ) ಮುಚ್ಚುವುದು ಜ್ಯೇಷ್ಠತೆಯ ಪ್ರಕಾರ ಎಂಬ ಆದೇಶವನ್ನು ಹಿಂಪಡೆಯಲಾಗಿದೆ. ಕೊನೆಯಲ್ಲಿ ಬಂದದ್ದು ಮೊದಲು ಹೋಗಲಿ. ಊಟದ ಕೈತೊಳೆಯುವ ಸರದಿ ಮಾತ್ರ ಯಥಾಪ್ರಕಾರ.

ಙ) ಹಸಿರು ಬೆಂಚನ್ನು ಇಂದು ಸಂಜೆಯೊಳಗೆ ಅದೇ ಮರದ ಕೆಳಗೆ, ಅದೇ ಜಾಗದಲ್ಲಿ, ಅದೇ ಮುಖವಾಗಿ ಇಡತಕ್ಕದ್ದು. ಹೊರಲು ಎರಡೂ ಪಕ್ಷದವರು ಒಂದೊಂದು ತುದಿ ಹಿಡಿಯತಕ್ಕದ್ದು. ದಾರಿಯಲ್ಲಿ ವಾದ ಮಾಡತಕ್ಕದ್ದಲ್ಲ. ಒಬ್ಬರು ಮುಂದಕ್ಕೆಳೆದು ಇನ್ನೊಬ್ಬರು ಹಿಂದಕ್ಕೆಳೆದರೆ ಬೆಂಚು ನಡುಬೀದಿಯಲ್ಲೇ ಉಳಿಯುವುದು.

20. ಬೆಂಚು ಮೂವರದಾಗಿದ್ದು, ಮೂರನೆಯ ಜಾಗದ ಹಂಚಿಕೆ ಬಾಕಿ ಇತ್ತು. ಈ ಬಗ್ಗೆ ನಿನ್ನೆ ಊಟದ ಹೊತ್ತಿನಲ್ಲಿ ಕೆಳಗೆ ಸಹಿ ಮಾಡಿದವರಿಗೆ ತಾಯಿಯವರಿಂದ ಬಂದ ಮೌಖಿಕ ಸೂಚನೆ: “ಮೂರನೇ ಜಾಗ ಖಾಲಿ ಇದೆ. ನಾವಿಬ್ರೂ ಮಾತಾಡ್ಕೊಂಡಿದ್ದೀವಿ. ಬರೋದಾದ್ರೆ ಬಾ. ಆದ್ರೆ ಪೂರ್ತಿ ಬಾ.” ಸೂಚನೆಯನ್ನು ಪರಿಶೀಲನೆಗೆ ಒಳಪಡಿಸದೆ ಅಂಗೀಕರಿಸಲಾಗಿದೆ.

ಸಹಿ/-
ಅಧೀಕ್ಷಕರು
(ಸಂಜೆ ಕಚೇರಿ ಮುಗಿದ ಮೇಲೆ ಕೊಠಡಿಯಲ್ಲಿ ಲಭ್ಯವಿರುವುದಿಲ್ಲ)

ಪ್ರತಿಗಳು:

1. ದೂರವಾಣಿ ಅಕ್ಕನವರಿಗೆ. ಇನ್ನು ಮುಂದೆ ಅಜ್ಜಿಯ ಕರೆಗಳು ಬರಲಾರವು. ಬೇಸರವಾದಲ್ಲಿ ಮರದ ಕಡೆಯಿಂದ ಮನೆಗೆ ಹೋಗಬಹುದು.

2. ಟಪಾಲು ಮಾವನವರಿಗೆ. ಈ ಸುತ್ತೋಲೆಯ ಲಕೋಟೆಯನ್ನು ದಯವಿಟ್ಟು ಮುಚ್ಚಿ ಕಳಿಸುವುದು.

3. ತಂತ್ರಜ್ಞರಿಗೆ. ತಮ್ಮ ಮಾತನಾಡುವ ಸರದಿ ಬಂದಿದೆ. ಕೈ ಇಳಿಸಬಹುದು.

4. ಬಣ್ಣ ಬಳಿಯುವವರಿಗೆ. ಹೆಸರಿನ ಫಲಕವನ್ನು ಬೇಗ ಹಿಂದಿರುಗಿಸುವುದು. ನಾವು ಯಾವ ಇಲಾಖೆ ಎಂಬ ಬಗ್ಗೆ ಸಿಬ್ಬಂದಿಯಲ್ಲಿ ಭಿನ್ನಾಭಿಪ್ರಾಯ ತಲೆದೋರಿದೆ.

5. ದಾದಿ ಮೊಮ್ಮಗಳಿಗೆ. ಬೆಂಚು ತಲುಪಿದ್ದನ್ನು ಕಣ್ಣಾರೆ ಕಂಡ ಮೇಲೆ ಕಿಟಕಿಯನ್ನು ಮುಚ್ಚಬಹುದು.

6. ಅಪ್ಪಣೆ ಅಜ್ಜಿಯವರಿಗೆ. ಅಪ್ಪಣೆ ಇದೆ.

7. ಕೆಳಗೆ ಸಹಿ ಮಾಡಿದವರ ತಾಯಿಯವರಿಗೆ. ಅರ್ಧಕ್ಕೆ ನಿಂತಿರುವ ಸುದ್ದಿಯನ್ನು ಮೂರನೆಯವರು ಬರುವವರೆಗೆ ಮುಗಿಸಬಾರದೆಂದು ಕೋರಲಾಗಿದೆ.

8. ಕುರ್ಚಿಯ ಬೆನ್ನಿಗೆ ನೇತಾಡುತ್ತಿರುವ ಕೋಟಿಗೆ. ಇಂದು ಸಂಜೆ ಜೊತೆಯಲ್ಲಿ ಹೊರಡತಕ್ಕದ್ದು.